ಮಾವನವರ ಕಾರಿಗೆ ಔಡಲೆಣ್ಣೆ

ಸಂಸ್ಥಾನದ ಕಾಲದಲ್ಲಿ ಸಾಂಗಲಿ ಪೇಟೆಯಲ್ಲಿ ನಮ್ಮ ಮಾವನವರದು ಅರಿಶಿನದ ವ್ಯಾಪಾರ. ಯಾರೋ ಸರದಾರರು ಮಾರಿದ ಹಳೆಯ ಕಾರೊಂದನ್ನು ಅವರು ಕೊಂಡದ್ದು ನನ್ನ ಸಲುವಾಗಿ. ನನ್ನ ಚೊಚ್ಚಲ ಹೆರಿಗೆ ಎತ್ತಿನ ಗಾಡಿಯಲ್ಲಿ, ಮಿರಜದ ದವಾಖಾನೆ ಮುಟ್ಟುವ ಮೊದಲೇ ಆಗಿ, ಕೂಸು ಉಳಿದಿರಲಿಲ್ಲ. ಈಗ ಮತ್ತೆ ದಿನ ತುಂಬುತ್ತಿದ್ದವು. ಕಾರು ನೋಡಿದರೆ ರಸ್ತೆಯ ಮೇಲೆ ಎಡಕ್ಕೂ ಬಲಕ್ಕೂ ಓಲಾಡುತ್ತಿತ್ತು.

ಸ್ಟೇರಿಂಗ್ ಅರ್ಧ ಗೇಣು ತಿರುಗಿಸುವವರೆಗೆ ಗಾಲಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ನನ್ನ ಯಜಮಾನರು ಸ್ಟೇರಿಂಗ್ ಡಬ್ಬಿಯ ತಿರುಪು ಬಿಗಿದರು. ತಿರುಗಿಸುವುದು ಕಷ್ಟವಾಯಿತೇ ಹೊರತು ಓಲಾಟ ನಿಲ್ಲಲಿಲ್ಲ. "ಇದರಾಗ ಕುಂತು ಹೋಗೂದಕ್ಕಿಂತ ಮನಿಯಾಗ ಹಡೀತೀನಿ ತಗೋರಿ!" ಎಂದು ರೇಗಿದೆ. ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ಕೊನೆಗೆ ಯಜಮಾನರು ಆ ತಿರುಪನ್ನು ಮೊದಲಿನಂತೆ ಸಡಿಲಿಸಿ, ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿ, ತಾವು ಕಾರಿನ ಕೆಳಗೆ ಮಲಗಿದರು. "ಸಾವಕಾಶ ಆಕಡೆ ಈಕಡೆ ಅಲಗಾಡಸು." ತುಂಬಿದ ಹೊಟ್ಟೆ ಹೊತ್ತುಕೊಂಡು ಅಲುಗಾಡಿಸಿದೆ. ಅತ್ತೆಯವರು ಬಾಗಿಲಲ್ಲಿ ನಿಂತು, "ಅಯ್ಯ, ಬಸುರಿ ಕೈಲೆ ಮಾಡಸೂ ಕೆಲಸೇನೋ ಇದು!" ಎಂದು ಮಗನನ್ನು ಬೈದರು. ಯಜಮಾನರು ಕೆಳಗಿನಿಂದ ಒಂದೊಂದೇ ಕೀಲನ್ನು ಮುಟ್ಟಿ ನೋಡುತ್ತಿದ್ದರು. ಡಬ್ಬಿಯಿಂದ ಬಂದ ಸರಳು ಅಲುಗುತ್ತಿತ್ತು. ಅದರ ತುದಿಯ ಕೀಲಿನಿಂದಾಚೆ ಗಾಲಿಯವರೆಗೆ ಯಾವುದೂ ಅಲುಗುತ್ತಿರಲಿಲ್ಲ. ಕೀಲಿನೊಳಗಿನ ಗುಂಡು ಒಣಗಿ ಸವೆದಿತ್ತು.

ಸವೆಯದೆ ಏನು ಮಾಡೀತು! ನಮ್ಮದು ಜೈನರ ಮನೆ. ಗ್ರೀಸಿನಲ್ಲಿ ಪ್ರಾಣಿಯ ಕೊಬ್ಬು ಇರುತ್ತದೆಂದು ಯಾರೋ ಹೇಳಿದ್ದೇ ತಡ, ಮಾವನವರು ಅದನ್ನು ಮನೆಯ ಹತ್ತಿರ ಬರಗೊಟ್ಟಿರಲಿಲ್ಲ. ಕೀಲುಗಳಿಗೆಲ್ಲ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಬಿಡಿಸುತ್ತಿದ್ದರು. ಅದು ಅಲ್ಲಿ ನಿಲ್ಲದೆ ದಾರಿಯುದ್ದಕ್ಕೂ ಸೋರಿಹೋಗುತ್ತಿತ್ತು.

"ಅಪ್ಪಾ, ಹೊಸಾ ಗುಂಡು ಹಾಕಿದರೂ ಗ್ರೀಸ್ ಇಲ್ಲದ ಬಾಳೂದಿಲ್ಲರಿ" ಎಂದರು ಯಜಮಾನರು.

ಮಾವನವರು ನನ್ನ ಕಡೆ ಒಮ್ಮೆ ನೋಡಿದರು. "ಹಾಕು. ಪಾಪ ನನಗಿರಲಿ." ಅವರ ಹಟದ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿಯಿತು.

ಈ ಸಲ ಹೆರಿಗೆ ದವಾಖಾನೆಯಲ್ಲಿಯೇ ಆಯಿತು, ಹೆಣ್ಣುಕೂಸು. ಮರುದಿನ ಮಾವನವರು ಬಂದರು, ಮೊಣಕಾಲವರೆಗೆ ಧೂಳು. ಮಗ ಕಾರು ತರುತ್ತೇನೆಂದರೂ ಕೇಳದೆ ಸಾಂಗಲಿಯಿಂದ ನಡೆದೇ ಬಂದಿದ್ದರು. ಗ್ರೀಸ್ ಹಾಕಿದ ದಿನದಿಂದ ಸಾಯುವತನಕ ಅವರು ಅದರಲ್ಲಿ ಕೂರಲಿಲ್ಲ.

"ಗಾಡಿ ಸೀದಾ ಬಂತೇನವಾ?" ಎಂದು ಬಾಗಿಲಲ್ಲೇ ನಿಂತು ಕೇಳಿದರು.

"ಬಂತರಿ" ಎಂದೆ.

ಆಮೇಲೆ ಒಳಗೆ ಬಂದು ಕೂಸಿಗೆ ಕೈ ಚಾಚಿದರು.