ಸೇನಾಪತಿಯ ಬೆನ್ನ ಹಿಂದಿನ ಎಂಜಿನ್

ಶತ್ರುಗಳಿಗೆ ಬೆನ್ನು ತೋರಿಸದ ವೀರರು ಲೋಕದಲ್ಲಿ ಬಹಳ ಮಂದಿ ಆಗಿಹೋಗಿದ್ದಾರೆ. ಮಿತ್ರರಿಗೂ, ನೆಂಟರಿಗೂ, ಬ್ಯಾಂಕಿನ ಗುಮಾಸ್ತರಿಗೂ ಬೆನ್ನು ತೋರಿಸದ ವೀರನನ್ನು ಕಾಣುವ ಭಾಗ್ಯ ಮಾತ್ರ ನಮ್ಮ ಬೀದಿಯದು. ಆತ ಲಿಫ್ಟ್ ರಿಪೇರಿ ಮಾಡುವವನು. ಎಲ್ಲಿಗೇ ಹೋಗಲಿ, ಕೂರುವ ಮೊದಲು ಬಾಗಿಲಲ್ಲಿ ನಿಂತು ರಣರಂಗವನ್ನು ಅಳೆಯುವವನಂತೆ ಕಣ್ಣಾಡಿಸುತ್ತಿದ್ದ. ಬೆನ್ನಿಗೊಂದು ಆಸರೆ ಗೊತ್ತಾದ ಮೇಲೆಯೇ ಕೂರುತ್ತಿದ್ದ. ಬೇಕರಿಯಲ್ಲಿ ಒಲೆಯ ಕಡೆಯ ಗೋಡೆ. ಬಸ್ಸಿನಲ್ಲಿ ಎಂಜಿನ್ನಿನ ಮೇಲಿರುವ, ಯಾರಿಗೂ ಬೇಡದ ಕಟ್ಟಕಡೆಯ ಸೀಟು. ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ದೊಡ್ಡ ಯಂತ್ರ. ಬ್ಯಾಂಕಿನಲ್ಲಿ ಸೋಫಾ ಖಾಲಿ ಬಿದ್ದಿದ್ದರೂ ಜೆರಾಕ್ಸ್ ಯಂತ್ರಕ್ಕೆ ಒರಗಿ ನಿಂತಿರುತ್ತಿದ್ದ. ಹಜಾರದ ನಡುವೆ ಸಿಂಹಾಸನ ಹಾಕಿ ಕೊಟ್ಟರೂ ಆತ ಕೂರುವವನಲ್ಲ.

ಕಾರಣ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಗೊತ್ತಿತ್ತು. ಹಿಂದೆ ಆತ ಗುಪ್ತಚರನಾಗಿದ್ದನೆಂದು ಬೇಕರಿಯವನು ಬನ್ನಿಗೆ ಬೆಣ್ಣೆ ಸವರುತ್ತಾ ಹೇಳುತ್ತಿದ್ದ. ಲಿಫ್ಟಿನ ಕತ್ತಲ ಕೊಳವೆಯಲ್ಲಿ ಹಗ್ಗ ಹಿಡಿದು ಆಯುಷ್ಯ ಕಳೆದವನಿಗೆ ಬೆನ್ನ ಹಿಂದೆ ಬಯಲಿದ್ದರೆ ಜೀವ ನಿಲ್ಲದೆಂದು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಸಿದ್ಧಾಂತ ಮಂಡಿಸಿದ್ದರು. ಬೇಕರಿಯ ಎದುರಿಗೆ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನಾನು ಎರಡೂ ಕಥೆಗಳಿಗೆ ಉಪ್ಪುಖಾರ ಹಚ್ಚಿ ಗಿರಾಕಿಗಳಿಗೆ ಬಡಿಸಿದೆ. ಅಂತೂ ಎಲ್ಲ ಸೇರಿ ಅವನಿಗೆ ಸೇನಾಪತಿ ಎಂದು ಪಟ್ಟ ಕಟ್ಟಿದೆವು. ಅವನು ಬೇಡವೆನ್ನಲಿಲ್ಲ. ಅವನು ಯಾವುದಕ್ಕೂ ಹೆಚ್ಚು ಮಾತಾಡುವವನಲ್ಲ.

ಸೇನಾಪತಿ ಅಂದ ಮೇಲೆ ರಥ ಬೇಡವೇ? ಇತ್ತು. ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಎಷ್ಟು ತಗ್ಗು ಎಂದರೆ, ಅದರಿಂದ ಇಳಿಯುವವನು ಮೊದಲು ನೆಲಕ್ಕೆ ಕೈಯೂರಿ ಆಮೇಲೆ ಮನುಷ್ಯನಾಗಬೇಕು. ಅದರ ಎಂಜಿನ್ ಎಲ್ಲ ಕಾರುಗಳಂತೆ ಮೂಗಿನಲ್ಲಿರಲಿಲ್ಲ. ಸೀಟುಗಳ ಬೆನ್ನಿಗೂ ಹಿಂದಿನ ಚಕ್ರಗಳಿಗೂ ನಡುವೆ ಕೂತಿತ್ತು. ಭಾರ ನಡುವೆ ಇದ್ದರೆ ತಿರುವಿನಲ್ಲಿ ಕಾರು ರಸ್ತೆಗೆ ಅಂಟಿಕೊಂಡು ಹೋಗುತ್ತದಂತೆ. ಓಡಿಸುವವನಿಗೂ ಎಂಜಿನ್ನಿಗೂ ನಡುವೆ ಒಂದು ತೆಳು ತಗಡಿನ ಗೋಡೆ ಮಾತ್ರ. ಅದು ಕೆಮ್ಮಿದರೆ ಇವನ ಭುಜ ಅದುರುತ್ತಿತ್ತು.

ಪ್ರತಿ ಭಾನುವಾರ ಬೆಳಿಗ್ಗೆ ಆ ಕಾರು ಊರಾಚೆಯ ಅಣೆಕಟ್ಟಿನ ತನಕ ಹೋಗಿ ಬರುತ್ತಿತ್ತು. ಮೊದಲು ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಇರುತ್ತಿದ್ದರು: ಕಿವಿಯಲ್ಲಿ ಹತ್ತಿ, ಕೈಯಲ್ಲಿ ಬೀಸಿಕೊಳ್ಳಲು ವಾರಪತ್ರಿಕೆ. ಆಮೇಲೊಂದು ವರ್ಷ ಆಕೆಯ ತಂಗಿಗೆ ಆಪರೇಷನ್ ಆಯಿತು. ನೋಡಿಕೊಳ್ಳಲೆಂದು ಆಕೆ ತಂಗಿಯ ಊರಿಗೆ ಹೋದರು. ತಂಗಿ ಎದ್ದು ಓಡಾಡುವಂತಾದರು, ಈಜು ಕೂಡ ಕಲಿತರು. ಆಕೆ ಮಾತ್ರ ವಾಪಸು ಬರಲಿಲ್ಲ. ಜಗಳವಾಡಿ ಹೋಗಿದ್ದರೆ ನಾವು ನಾಲ್ಕು ಜನ ಸೇರಿ ರಾಜಿ ಮಾಡಿಸುತ್ತಿದ್ದೆವು. ಆಕೆ ನಗುನಗುತ್ತಾ, ಫ್ರಿಜ್ಜಿನಲ್ಲಿ ಎರಡು ದಿನದ ಅಡುಗೆ ಇಟ್ಟು ಹೋಗಿದ್ದರು. ಅಂಥದ್ದಕ್ಕೆ ರಾಜಿ ಮಾಡಿಸುವುದು ಹೇಗೆಂದು ಮೇಷ್ಟ್ರಿಗೂ ತೋಚಲಿಲ್ಲ.

ಸೇನಾಪತಿ ಒಬ್ಬನೇ ಅಣೆಕಟ್ಟಿಗೆ ಹೋಗಿಬರತೊಡಗಿದ. ವಾರವೆಲ್ಲ ಮಂಕಾಗಿರುತ್ತಿದ್ದವನು ಭಾನುವಾರ ಬೇಕರಿಗೆ ಬರುವಾಗ ಸ್ವಲ್ಪ ಕೆಂಪಗೆ, ಗೆಲುವಾಗಿ ಕಾಣುತ್ತಿದ್ದ. ಹವಾಮಾನದ ಬಗ್ಗೆ ತಾನಾಗಿಯೇ ಒಂದು ಮಾತಾಡಿದ್ದೂ ಉಂಟು. ಹೀಗಿರುವಾಗ ಒಂದು ಭಾನುವಾರ, ಅಣೆಕಟ್ಟಿನ ಏರಿನಲ್ಲಿ, ಎಂಜಿನ್ನಿನೊಳಗಿನ ಒಂದು ದಂಡ ಮುರಿದು ಎಂಜಿನ್ನಿನ ಪಕ್ಕೆಯನ್ನೇ ಸೀಳಿಕೊಂಡು ಹೊರಗೆ ಬಂತು. ಎಣ್ಣೆ ರಸ್ತೆಯುದ್ದಕ್ಕೂ ಚೆಲ್ಲಿತು. ರಥ ಲಾರಿಯ ಬೆನ್ನೇರಿ ಊರಿಗೆ ಬಂತು.

ಗ್ಯಾರೇಜಿನ ಯಜಮಾನಿ ಅಪ್ಪನ ಕಾಲದ ಸುತ್ತಿಗೆಯನ್ನೂ ಅಪ್ಪನ ಕಾಲದ ಬಾಯಿಯನ್ನೂ ಒಟ್ಟಿಗೆ ಪಡೆದಾಕೆ. ಕಾರನ್ನು ಮೇಲೆತ್ತಿ, ಸತ್ತ ಎಂಜಿನ್ನನ್ನು ಹೊರಗೆ ತೆಗೆದಳು. ಸೀಟುಗಳ ಹಿಂದೆ ಹಲ್ಲು ಕಿತ್ತ ಬಾಯಿಯಂತೆ ಒಂದು ಖಾಲಿ ಜಾಗ ಉಳಿಯಿತು.

"ಇದು ರಿಪೇರಿ ಆಗೋ ಪೈಕಿ ಅಲ್ಲ ಸಾರ್. ಬೇರೆ ಎಂಜಿನ್ ಕೂರಿಸ್ತೀನಿ, ಯಾವುದು ಅಂತ ನೀವು ಹೇಳಿ. ಒಂದ್ಸಲ ಕತ್ತರಿಸಿ ಬೆಸುಗೆ ಹಾಕಿದ್ಮೇಲೆ ಅಯ್ಯೋ ಅಂದ್ರೆ ನಾನು ಕಿವಿ ಕೇಳ್ಸದೋಳು," ಎಂದಳು.

ಸೇನಾಪತಿ ಆ ಖಾಲಿ ಜಾಗದೊಳಗೆ ಕೈ ಇಟ್ಟು ನೋಡಿದ.

ಆ ಸಂಜೆಯಿಂದ ಬೇಕರಿಯಲ್ಲಿ ಯುದ್ಧಮಂಡಳಿ ಸೇರತೊಡಗಿತು. ನಮ್ಮಲ್ಲಿ ಯಾರಿಗೂ ಎಂಜಿನ್ನಿನ ಗಂಧಗಾಳಿ ಇರಲಿಲ್ಲವಾದ್ದರಿಂದ ಚರ್ಚೆ ಉನ್ನತ ಮಟ್ಟದಲ್ಲಿ ನಡೆಯಿತು. ಮೇಷ್ಟ್ರು ಶುದ್ಧ ಪರಂಪರಾವಾದಿಗಳು. ಹುಟ್ಟಿದಾಗ ಯಾವ ಎಂಜಿನ್ ಇತ್ತೋ ಅದೇ ಇರಬೇಕು, ಇಲ್ಲದಿದ್ದರೆ ಅದು ಬೇರೆಯವರ ಹೃದಯ ಇಟ್ಟುಕೊಂಡು ಸಹಿ ಮಾತ್ರ ತನ್ನದೇ ಹಾಕಿದಂತೆ ಎಂದರು. ಅಂಥ ಎಂಜಿನ್ನನ್ನು ಹುಡುಕಿಕೊಂಡು ಅವರೂ ನಾನೂ ದಂಡಯಾತ್ರೆ ಹೊರಟು, ಕೊನೆಗೆ ಪಕ್ಕದ ಊರಿನ ಹಲ್ಲಿನ ಡಾಕ್ಟರರ ಕಾಯುವ ಕೋಣೆಯಲ್ಲಿ ಪತ್ತೆಹಚ್ಚಿದೆವು. ಅದಕ್ಕೆ ಬೆಳ್ಳಿ ಬಣ್ಣ ಬಳಿದು, ಮೇಲೊಂದು ಗಾಜು ಇಟ್ಟು ಟೀಪಾಯಿ ಮಾಡಿದ್ದರು. ಡಾಕ್ಟರು ಕೊಡುವುದಿಲ್ಲವೆಂದರು. ಮೇಷ್ಟ್ರು ಹೋದ ತಪ್ಪಿಗೆ ಒಂದು ಹಲ್ಲು ತೋರಿಸಿಕೊಂಡು ಬಂದರು.

ಬೇಕರಿಯವನದು ಶಕ್ತಿಪಂಥ. "ಹಾಕೋದೇ ಆದ್ರೆ ಆರು ಸಿಲಿಂಡರ್ ಹಾಕ್ಸಿ ಸೇನಾಪತಿಗಳೇ. ಅಣೆಕಟ್ಟು ಎದ್ದು ದಾರಿ ಬಿಡ್ಬೇಕು."

"ಹಾಕ್ಬಹುದು," ಎಂದಳು ಯಜಮಾನಿ, ಬನ್ನು ಕಟ್ಟಿಸಿಕೊಳ್ಳಲು ಬಂದವಳು. "ಅದು ಉದ್ದ. ತಗಡಿನ ಗೋಡೆ ಕತ್ತರಿಸಿ ಸೀಟು ಮುಂದಕ್ಕೆ ತಳ್ಳಬೇಕು. ಇವ್ರು ಮಂಡಿ ಎರಡನ್ನೂ ಬಿಚ್ಚಿ ಮನೇಲಿಟ್ಟು ಬರ್ಬೇಕಾಗತ್ತೆ."

ಮೂರನೆಯ ಪಕ್ಷದ ನಾಯಕ ಸೇನಾಪತಿಯ ಭಾವಮೈದುನ, ಅಂದರೆ ಆ ಹೆಂಡತಿಯ ತಮ್ಮ. ಬ್ಯಾಟರಿ ಅಂಗಡಿಯವನು, ಜಗತ್ತಿನ ಸಕಲ ಕಷ್ಟಗಳಿಗೂ ಬ್ಯಾಟರಿಯೇ ಪರಿಹಾರವೆಂದು ಮನಸಾರೆ ನಂಬಿದವನು.

"ಭಾವ, ಕಣ್ಮುಚ್ಚಿ ಕರೆಂಟಿನ ಮೋಟರ್ ಹಾಕ್ಸಿ. ಶಬ್ದ ಇಲ್ಲ, ವಾಸ್ನೆ ಇಲ್ಲ, ಬಿಸಿ ಇಲ್ಲ. ಹಿಂದೆ ಒಂದು ಮೋಟರ್ ಇದೆ ಅನ್ನೋದೇ ಗೊತ್ತಾಗಲ್ಲ."

ಮರುದಿನವೇ ತನ್ನ ಕರೆಂಟು ಕಾರಿನಲ್ಲಿ ಭಾವನನ್ನು ಕೂರಿಸಿಕೊಂಡು ಊರು ಸುತ್ತಿಸಿ ತಂದ. ಇಳಿದ ಸೇನಾಪತಿ ಅಂಗೈಗಳನ್ನು ಉಜ್ಜಿಕೊಳ್ಳುತ್ತಾ ನೇರ ಒಲೆಯ ಗೋಡೆಗೆ ಹೋಗಿ ಒರಗಿದ.

"ಹೇಗಿತ್ತು?" ಎಂದರು ಮೇಷ್ಟ್ರು.

"ಚೆನ್ನಾಗಿದೆ. ಲಿಫ್ಟಲ್ಲಿ ಹೋದ ಹಾಗಿತ್ತು."

ಲಿಫ್ಟಿನವನು ಹೀಗೆಂದರೆ ಅದು ಹೊಗಳಿಕೆಯೋ ಬೈಗುಳವೋ ಎಂದು ನಾವು ಎರಡು ಸುತ್ತು ಚಹಾ ಕುಡಿದು ಚರ್ಚಿಸಿದೆವು.

ಈ ಮಧ್ಯೆ ಯಜಮಾನಿ ಗುಜರಿಗೆ ಹೋಗಲಿದ್ದ ಹಳೆಯ ಹಾಲಿನ ವ್ಯಾನಿನಿಂದ ಒಂದು ಎಂಜಿನ್ ಬಿಚ್ಚಿಟ್ಟಿದ್ದಳು. ಎರಕದ ಕಬ್ಬಿಣದ್ದು, ನಾಲ್ಕು ಸಿಲಿಂಡರಿನದು, ಎಮ್ಮೆಯಷ್ಟು ಚುರುಕು. "ಕೂರೋದೇನೋ ಕೂರತ್ತೆ, ಗೋಡೆ ಮುಟ್ಟೋದೂ ಬೇಡ. ಆದ್ರೆ ಇದು ಎಂಜಿನ್ನಲ್ಲ ಸಾರ್, ಹಂಡೆ ಒಲೆ. ವ್ಯಾನಿನ ಡ್ರೈವರ್ ಚಳಿಗಾಲದಲ್ಲೂ ಬನಿಯನ್ನಲ್ಲೇ ಇರ್ತಿದ್ದ," ಎಂದು ಅದನ್ನು ಕಬ್ಬಿಣದ ಚೌಕಟ್ಟಿನ ಮೇಲೆ ನಿಲ್ಲಿಸಿ ಚಾಲೂ ಮಾಡಿ ತೋರಿಸಿದಳು.

ಆಗ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಸೇನಾಪತಿ ಒಂದು ಮರದ ಪೆಟ್ಟಿಗೆಯನ್ನು ಎಳೆದುಕೊಂಡು, ಗಡಗಡಿಸುವ ಆ ಎಂಜಿನ್ನಿಗೆ ಬೆನ್ನು ಮಾಡಿ ಮೊಳದಷ್ಟು ದೂರದಲ್ಲಿ ಕೂತ. ಕಣ್ಣು ಮುಚ್ಚಿದ. "ಶ್ರುತಿ ಹಿಡೀತಿದ್ದಾನೆ," ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಬೆನ್ನುಹುರಿಯಲ್ಲೇ ಕೇಳಿಸ್ಕೊಳ್ತಿದ್ದಾನೆ ನೋಡು." ಯಜಮಾನಿ ಎಂಜಿನ್ ಆರಿಸಿದ ಮೇಲೂ ಅವನು ಬಹಳ ಹೊತ್ತು ಏಳಲಿಲ್ಲ. ಆಕೆ ಪೆಟ್ಟಿಗೆ ಬೇಕೆಂದಾಗ ಎದ್ದ.

ಇಷ್ಟಾದರೂ ತೀರ್ಮಾನ ಹೊರಬೀಳಲಿಲ್ಲ. ಏಕೆ ಬೀಳಲಿಲ್ಲವೆಂದು ತಿಳಿದದ್ದು ಒಂದು ಸಂಜೆ, ಭಾವಮೈದುನನ ಬಾಯಿಂದ.

"ಭಾವ, ಅಕ್ಕಂಗೆ ಆ ಶಬ್ದ, ಆ ಶೆಕೆ ಎರಡೂ ಆಗ್ತಿರ್ಲಿಲ್ಲ. ತಲೆನೋವು ಬರ್ತಿತ್ತು. ಕರೆಂಟಿಂದು ಹಾಕ್ಸಿದ್ರೆ ಅವಳೂ ಬಂದು ಪಕ್ಕದಲ್ಲಿ ಕೂರ್ತಾಳೆ."

ಸೇನಾಪತಿ ಚಹಾದ ಲೋಟವನ್ನು ಕೆಳಗಿಟ್ಟ. "ಹಾಗಂದ್ಲಾ?"

"ಅನ್ಲಿಲ್ಲ. ನನಗೆ ಹಾಗನ್ಸತ್ತೆ."

"ಓ."

ಬೇಕರಿಯವನು ಅನವಶ್ಯಕವಾಗಿ ಒಲೆಯ ಬಾಗಿಲು ತೆಗೆದು ಮತ್ತೆ ಮುಚ್ಚಿದ. ಈವರೆಗೆ ನಾವು ಮಂಡಿಸಿದ್ದ ಆರು ಸಿಲಿಂಡರು, ಪರಂಪರೆ, ಶ್ರುತಿ ಎಲ್ಲವೂ ಬರೀ ಬಾಯಿಚಪಲವೆಂದು ನಮಗೇ ಗೊತ್ತಾಯಿತು. ಆ ಕಾರಿಗೆ ಎರಡು ಸೀಟಿದ್ದವು. ಅವನು ಆರಿಸಬೇಕಾದದ್ದು ಎರಡನೆಯ ಸೀಟಿಗೆ ಯಾರಾದರೂ ಬರುತ್ತಾರೋ ಇಲ್ಲವೋ ಎಂಬುದನ್ನು.

ಅದೇ ವಾರ, ಕಡ್ಡಿ ಮುರಿದಿದ್ದ ಅವನ ಕನ್ನಡಕವನ್ನು ಸರಿಮಾಡಿ ಕೊಡಲು ನಾನು ಅವನ ಮನೆಗೆ ಹೋದೆ. ಲಿಫ್ಟಿರುವ ಕಟ್ಟಡ, ಲಿಫ್ಟು ಕೆಟ್ಟಿತ್ತು. ಏದುಸಿರು ಬಿಡುತ್ತಾ ಮೇಲೆ ತಲುಪಿ ನೋಡಿದರೆ, ಮನೆಯ ವ್ಯೂಹರಚನೆಯೇ ಬೇರೆ. ಊಟದ ಮೇಜನ್ನು ಅಡುಗೆಮನೆಗೆ ಎಳೆದು, ಅವನ ಕುರ್ಚಿಯನ್ನು ಫ್ರಿಜ್ಜಿನ ಪಕ್ಕೆಗೆ ಒತ್ತಿ ಇಟ್ಟಿದ್ದ. ಅಲ್ಲಿಂದ ಬಾಗಿಲೂ ಕಿಟಕಿಯೂ ಒಂದೇ ನೋಟಕ್ಕೆ ಸಿಗುತ್ತವೆಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಹಜಾರದಲ್ಲಿ ಹೀಟರ್ ಮುಂದೆ ಒಂದೇ ಬೆತ್ತದ ಸ್ಟೂಲು, ಅದೂ ಹೀಟರಿಗೆ ಬೆನ್ನು ಹಾಕಿ. ತೆರೆದಿದ್ದ ಮಲಗುವ ಕೋಣೆಯಲ್ಲಿ ದೊಡ್ಡ ಮಂಚ. ಅದರ ಅರ್ಧಭಾಗದ ಹಾಸು ಮಡಿಕೆಯೂ ಬಿಚ್ಚದೆ ಹಾಗೇ ಇತ್ತು. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಬೇರೆ ಸದ್ದಿರಲಿಲ್ಲ.

"ಚಹಾ ಮಾಡ್ಲಾ?" ಎಂದ. ಬೇಡವೆಂದರೂ ಮಾಡಿದ. ನಾನು ಹೊರಟಾಗ ಇನ್ನೊಂದು ಲೋಟ ಮಾಡಲೇ ಎಂದ.

ಆಮೇಲೊಂದು ಸಂಜೆ ಬೇಕರಿಗೆ ಬಂದ ಸೇನಾಪತಿ, ಒಲೆಯ ಗೋಡೆಗೆ ಒರಗಿ, ಯಾರೂ ಕೇಳದಿದ್ದರೂ ಹೇಳಿದ: "ಫೋನ್ ಮಾಡಿ ಅವಳನ್ನೇ ಕೇಳ್ದೆ."

ಮೇಷ್ಟ್ರ ಕೈಯ ಬನ್ನು ದಾರಿಯಲ್ಲೇ ನಿಂತಿತು. ಭಾವಮೈದುನ ಮುಂದೆ ಬಾಗಿದ. "ಏನಂದ್ಲು?"

"ನಿಮಗೆ ಯಾವುದು ಅನುಕೂಲವೋ ಅದನ್ನ ಹಾಕಿಸ್ಕೊಳ್ಳಿ ಅಂದ್ಲು. ಊಟ ಆಯ್ತಾ ಅಂತಾನೂ ಕೇಳಿದ್ಲು."

ಒರಟಾಗಿ ಬೈದಿದ್ದರೆ ನಾವು ಸಮಾಧಾನ ಹೇಳಬಹುದಿತ್ತು. ಇಷ್ಟು ಮರ್ಯಾದೆಯ ಮಾತಿಗೆ ಏನು ಹೇಳುವುದು? ಬೇಕರಿಯವನು ಎಲ್ಲರ ಲೋಟಕ್ಕೂ ಚಹಾ ಸುರಿದ.

ಮರುದಿನ ಬೆಳಿಗ್ಗೆ ಸೇನಾಪತಿ ಗ್ಯಾರೇಜಿಗೆ ಹೋಗಿ, "ಹಾಲಿನ ವ್ಯಾನಿಂದು ಹಾಕಿ," ಎಂದ.

ಸುದ್ದಿ ಬೀದಿಗೆ ಸಿಡಿಲಿನಂತೆ ಬಡಿಯಿತು. ಬೇಕರಿಯವನು ಅದನ್ನು ಎಂಜಿನ್ ಕುಲಕ್ಕೇ ಅವಮಾನ ಎಂದ. ಭಾವಮೈದುನ ಒಂದು ವಾರ ಮಾತು ಬಿಟ್ಟ. ನಾನು ಗ್ಯಾರೇಜಿಗೆ ಇಣುಕಿದಾಗ ಯಜಮಾನಿ ಇನ್ನೂ ದೊಡ್ಡ ದೂರು ಹೇಳಿದಳು.

"ಗೋಡೆಗೆ ಶಾಖ ತಡೆಯೋ ಹಾಳೆ ಹೊದಿಸ್ತೀನಿ ಅಂದ್ರೆ ಬೇಡ ಅಂತಾರೆ ನಿಮ್ಮ ಸೇನಾಪತಿ. ಪಕ್ಕದ ಸೀಟಿನ ಹಿಂದೆ ಬೇಕಾದ್ರೆ ಹಾಕಿ, ನನ್ನ ಹಿಂದೆ ಬೇಡ ಅಂತೆ. ಅರ್ಧ ಗೋಡೆಗೆ ಹೊದಿಕೆ, ಅರ್ಧ ಬೋಳು. ಬೇಯ್ತೀರಿ ಸಾರ್ ಅಂದೆ. ಇರ್ಲಿ ಬಿಡಮ್ಮ ಅಂದ್ರು. ನೋಡಿದೋರು ನನ್ನ ಕೆಲಸಕ್ಕೆ ಏನಂತಾರೆ?"

ಪಕ್ಕದ ಸೀಟಿನ ಹಿಂದೆ ಹೊದಿಕೆ ಹಾಕಿದ್ದನ್ನು ನಾನು ಬೇಕರಿಯಲ್ಲಿ ಹೇಳಲಿಲ್ಲ. ಹೇಳಬೇಕೆಂದು ಹೋದವನು ಬ್ರೆಡ್ಡು ಕೊಂಡು ಬಂದೆ.

ಎಂಜಿನ್ ಕೂತ ಮೇಲಿನ ಮೊದಲ ಭಾನುವಾರ ರಸ್ತೆಯ ಮೇಲೆ ತೆಳ್ಳಗೆ ಮಂಜು ಬಿದ್ದಿತ್ತು. ಇಡೀ ಮಂಡಳಿ ಬೇಕರಿಯ ಮುಂದೆ ಹಾಜರು. ಮಾತು ಬಿಟ್ಟಿದ್ದ ಭಾವಮೈದುನನೂ ಮಫ್ಲರ್ ಸುತ್ತಿಕೊಂಡು ದೂರದಲ್ಲಿ ನಿಂತಿದ್ದ. ರಥ ಅಣೆಕಟ್ಟಿನ ಕಡೆಯಿಂದ ಹಿಂದಿರುಗುವುದು ಕಣ್ಣಿಗಿಂತ ಮೊದಲು ಕಿವಿಗೆ ಬಿತ್ತು: ಹಾಲಿನ ವ್ಯಾನಿನ ಅದೇ ಗೊರಗೊರ. ಅಭ್ಯಾಸಬಲದಿಂದ ಒಬ್ಬ ಮುದುಕಿ ಪಾತ್ರೆ ಹಿಡಿದು ಬಾಗಿಲಿಗೆ ಬಂದಳು.

ಕಾರು ನಿಂತಿತು. ಸೇನಾಪತಿ ನೆಲಕ್ಕೆ ಕೈಯೂರಿ ಹೊರಬಂದು, ಬಾಗಿಲು ಹಾಕಲೆಂದು ಕಾರಿನತ್ತ ತಿರುಗಿ ನಿಂತ. ಹೀಗಾಗಿ ನಮ್ಮ ಬೀದಿ ಮೊಟ್ಟಮೊದಲ ಬಾರಿಗೆ ಅವನ ಬೆನ್ನು ಕಂಡಿತು. ಅಂಗಿ ಬೆವರಿನಿಂದ ಒದ್ದೆಯಾಗಿ ಮೈಗಂಟಿತ್ತು. ಅದರಿಂದ ಆ ಚಳಿಯಲ್ಲಿ ಸಣ್ಣಗೆ ಹಬೆ ಏಳುತ್ತಿತ್ತು. ತಿರುಗಿದಾಗ ಮುಖ ಕೆಂಪಗಿತ್ತು, ಗೆಲುವಾಗಿತ್ತು. ಪಕ್ಕದ ಸೀಟಿನ ಮೇಲೆ ಏನೂ ಇರಲಿಲ್ಲ.

ಭಾವಮೈದುನನಿಗೆ ತಡೆಯಲಾಗಲಿಲ್ಲ. "ಭಾವ, ಇವತ್ತಾದ್ರೂ ಬಾಯಿಬಿಟ್ಟು ಹೇಳಿ. ಅಷ್ಟೆಲ್ಲ ಒಳ್ಳೊಳ್ಳೇವು ಇದ್ವು. ಈ ಹಾಲಿನ ವ್ಯಾನಿನ ಹಳೇ ಕಬ್ಬಿಣವೇ ಯಾಕೆ ಬೇಕಾಯ್ತು?"

ಮೇಷ್ಟ್ರು ಐತಿಹಾಸಿಕ ಹೇಳಿಕೆಗೆ ಸಿದ್ಧರಾಗಿ ಕ್ಯಾಪು ತೆಗೆದರು. ಸೇನಾಪತಿ ಕಾರನ್ನು ನೋಡಿದ, ಒಲೆಯ ಗೋಡೆಯನ್ನು ನೋಡಿದ, ಸ್ವಲ್ಪ ನಾಚಿಕೊಂಡ.

"ಬೆನ್ನಿಗೆ ಬೆಚ್ಚಗಿರತ್ತೆ ಕಣೋ," ಎಂದ. "ಅಷ್ಟೇ."