ಸೀಟಿನ ಮೇಲೆ ಕೂತ ಚಪ್ಪಡಿ ಕಲ್ಲು

ನಾನು ಮದುವೆಯಾಗಿ ಲಕ್ಕೂರಿಗೆ ಬಂದದ್ದು 1984ರಲ್ಲಿ. ಮರುವರ್ಷ, ಮಳೆಗಾಲ ಇನ್ನೇನು ಮುಗಿಯಿತು ಅನ್ನುವ ಹೊತ್ತಿಗೆ ನಡೆದ ಸಂಗತಿ ಇದು.

ನಮ್ಮ ಮಾವ ಮುನಿಶಾಮಪ್ಪ ಮಾಲೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಮಾಲಿಯಾಗಿದ್ದರು. ಅಲ್ಲಿನ ಗೆಸ್ಟ್ ಹೌಸ್ ಮುಂದೆ ಇಳಿಜಾರಾದ ದೊಡ್ಡ ಹುಲ್ಲುಹಾಸು. ಅದನ್ನು ಕತ್ತರಿಸಲು ಮಾಲೀಕರು ಹೊರದೇಶದಿಂದ ಒಂದು ಗಾಡಿ ತರಿಸಿದ್ದರು. ಮೇಲೆ ಕೂತು ಸ್ಟೇರಿಂಗ್ ಹಿಡಿದು ಓಡಿಸಬೇಕು, ಹೊಟ್ಟೆಯ ಕೆಳಗೆ ಬ್ಲೇಡು ತಿರುಗಿ ಹುಲ್ಲು ಕತ್ತರಿಸುತ್ತದೆ. ನೋಡಲು ಟ್ರ್ಯಾಕ್ಟರಿಗೆ ಹುಟ್ಟಿದ ಕರುವಿನಂತಿತ್ತು. ನಮ್ಮ ಬಾಯಲ್ಲಿ ಅದು ಹುಲ್ಲುಗಾಡಿ. ಸುತ್ತಲಿನ ಹಳ್ಳಿಯವರು ಕಾಂಪೌಂಡಿನಾಚೆ ನಿಂತು ಅದನ್ನು ನೋಡುತ್ತಿದ್ದರು.

ಕತ್ತರಿಸಿದ ಹುಲ್ಲನ್ನು ನಮ್ಮ ಹಸುಗಳಿಗೆ ತೆಗೆದುಕೊಂಡು ಹೋಗಲು ಮ್ಯಾನೇಜರ್ ಸಾಹೇಬರು ಒಪ್ಪಿದ್ದರು. ಹಾಗಾಗಿ ಅತ್ತೆ ಮತ್ತು ನಾನು ಗೋಣಿಚೀಲ ಹಿಡಿದು ಗಾಡಿಯ ಹಿಂದೆಯೇ ಇರುತ್ತಿದ್ದೆವು. ಅತ್ತೆಗೆ ಹುಲ್ಲಿನ ಮೇಲೆ ಕಣ್ಣಾದರೆ ನನಗೆ ಗಾಡಿಯ ಮೇಲೆ. ಶ್ರೀನಿವಾಸಪುರದ ಕಡೆಯ ನಮ್ಮ ತವರಿನಲ್ಲಿ ಪಂಪ್‌ಸೆಟ್ ರಿಪೇರಿಗೆ ಜನ ಬಂದರೆ ನಾನು ಒಲೆ ಮೇಲಿನ ಸಾರು ಮರೆತು ಅಲ್ಲೇ ನಿಂತುಬಿಡುತ್ತಿದ್ದೆ. ಈ ಹುಡುಗಿ ಕೈಗೆ ಸೌಟಿಗಿಂತ ಸ್ಪಾನರ್ ಚೆನ್ನಾಗಿ ಒಪ್ಪುತ್ತೆ ಎಂದು ಅಮ್ಮ ಬೈಯುತ್ತಿದ್ದಳು.

ಗಾಡಿಗೆ ಒಂದು ವಿಚಿತ್ರ ಗುಣವಿತ್ತು. ನಮ್ಮ ಕಡೆ ದೊಡ್ಡವರು ಬಂದಾಗ ಯಾರೂ ಕೂತಿರುವುದಿಲ್ಲ. ಮಾವನಂತೂ ಸಾಹೇಬರ ನೆರಳು ಕಂಡರೂ ಸರಿ, ತಲೆಗೆ ಸುತ್ತಿದ ಟವಲ್ ತೆಗೆದು ಎದ್ದು ನಿಲ್ಲುವವರು. ಅವರು ಎದ್ದ ತಕ್ಷಣ ಗಾಡಿ ಕೆಮ್ಮಿ ನಿಂತುಹೋಗುತ್ತಿತ್ತು. ಸಾಹೇಬರು ಹೋದ ಮೇಲೆ ಕೀಲಿ ತಿರುಗಿಸಬೇಕು. ದಿನಕ್ಕೆ ಹತ್ತು ಜನ ದೊಡ್ಡವರು ಓಡಾಡುವ ಜಾಗ ಅದು. ತಿರುಗಿಸಿ ತಿರುಗಿಸಿ ಬ್ಯಾಟರಿ ಸೋತು, ಗಾಡಿ ಅರ್ಧ ದಿನ ಶೆಡ್ಡಿನಲ್ಲಿ ಮಲಗುತ್ತಿತ್ತು. ಗಾಡಿಗೂ ಮರ್ಯಾದೆ ಗೊತ್ತು, ಸಾಹೇಬರನ್ನು ಕಂಡರೆ ಬಾಯಿ ಮುಚ್ಚುತ್ತೆ ಎಂದು ವಾಚ್‌ಮನ್ ಎಲ್ಲರ ಮುಂದೆ ನಗುತ್ತಿದ್ದ. ಆದರೆ ಕೆಲಸ ಹಿಂದೆ ಬಿದ್ದು ಬೈಸಿಕೊಳ್ಳುತ್ತಿದ್ದದ್ದು ಮಾವ. ಮನೆಗೆ ಬಂದು ಸರಿಯಾಗಿ ಊಟವನ್ನೂ ಮಾಡುತ್ತಿರಲಿಲ್ಲ.

ಕಾರ್ಖಾನೆಯ ಫಿಟ್ಟರ್ ಚಲಪತಿ ಪ್ಲಗ್ ಬದಲಾಯಿಸಿದ, ಪೆಟ್ರೋಲ್ ಪೈಪು ಊದಿದ. ಏನೂ ಪ್ರಯೋಜನವಾಗಲಿಲ್ಲ. ನನಗೆ ಮಾತ್ರ ಒಂದೇ ಯೋಚನೆ. ಗಾಡಿಗೆ ಕಣ್ಣಿಲ್ಲ, ಕಿವಿಯಿಲ್ಲ. ಮಾವ ಎದ್ದದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಒಂದು ದಿನ ಮಾವ ಗಾಡಿ ತೊಳೆಯುತ್ತಿದ್ದಾಗ ಸೀಟು ಎತ್ತಿ ನೋಡಲೇ ಎಂದು ಕೇಳಿದೆ. ನಿಂಗ್ಯಾಕಮ್ಮ ಅದೆಲ್ಲ ಅಂದರು, ಆದರೆ ಬೇಡ ಅನ್ನಲಿಲ್ಲ. ಸೀಟಿನ ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಗುಂಡಿ. ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಅದರಿಂದ ಒಂದು ವೈರು ಇಂಜಿನ್ ಕಡೆ ಹೋಗಿತ್ತು. ನನಗಾದ ಸಂತೋಷ ಹೇಳತೀರದು.

ಚಲಪತಿಯನ್ನು ಕರೆದು ತೋರಿಸಿದೆವು. ಅವನಿಗೆ ಕ್ಷಣದಲ್ಲಿ ಅರ್ಥವಾಯಿತು: ಕೂತವರು ಎದ್ದು ಗುಂಡಿ ಮೇಲೆ ಬಂದರೆ ಇಂಜಿನ್ ನಿಲ್ಲುತ್ತದೆ. ಸೀಟಿನ ಮೇಲೆ ಭಾರ ಇದ್ದರೆ ಸಾಕು, ಯಾರ ಭಾರ ಅಂತ ಅದೇನು ಕೇಳುತ್ತದೆಯೇ ಎಂದು ಹೇಳಿ, ಒಂದು ತುಂಡು ಚಪ್ಪಡಿ ಕಲ್ಲು ತಂದು ಸೀಟಿನ ಮೇಲಿಟ್ಟ. ಅದರ ಮೇಲೆ ಗೋಣಿತಟ್ಟು ಹಾಸಿದ. ಮಾವ ಅದರ ಮೇಲೆ ಕೂತರು. ಎದ್ದರು. ಇಂಜಿನ್ ಓಡುತ್ತಲೇ ಇತ್ತು. ಮಾವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡೆ.

ನನಗೆ ಮಾತ್ರ ಕೆರೆತ ನಿಲ್ಲಲಿಲ್ಲ. "ಹಂಗಾದ್ರೆ ಆ ಗುಂಡೀನ ಅಲ್ಲಿ ಯಾಕಿಟ್ಟವ್ರೆ ಅಣ್ಣ? ಸುಮ್‌ಸುಮ್ನೆ ಯಾರಾದ್ರೂ ಇಡ್ತಾರಾ?" ಎಂದೆ.

"ಆ ದೇಶದವ್ರು ಪುಕ್ಕಲರು ಕಣಕ್ಕ. ಎಲ್ಲಾದಕ್ಕೂ ಒಂದು ಸ್ವಿಚ್ ಇಡ್ತಾರೆ" ಎಂದು ಚಲಪತಿ ನಕ್ಕುಬಿಟ್ಟ. ನನಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ.

ಕೆಲವು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ದೂರದಲ್ಲಿ ಯಾರಾದರೂ ಕಂಡರೆ ಮಾವ ನಿಧಾನವಾಗಿ ಗೇರು ತೆಗೆದು, ಗಾಡಿ ನಿಲ್ಲಿಸಿ, ಇಳಿದು ಕೈ ಮುಗಿಯುತ್ತಿದ್ದರು. ಇಂಜಿನ್ ತನ್ನ ಪಾಡಿಗೆ ಗುರುಗುಟ್ಟುತ್ತಿತ್ತು.

ಆವತ್ತು ಬೆಳಿಗ್ಗೆ ಮಾವ ಗಾಡಿಯನ್ನು ಗೆಸ್ಟ್ ಹೌಸ್ ಕಡೆಯಿಂದ ಇಳಿಜಾರಿನತ್ತ ತಿರುಗಿಸಿದ್ದರು. ಕೆಳಗೆ ಹೊಂಗೆಮರದ ಹತ್ತಿರ ಅತ್ತೆ ನಮಗೆ ಬೆನ್ನು ಹಾಕಿ ಕೂತು ಚೀಲಕ್ಕೆ ಹುಲ್ಲು ತುರುಕುತ್ತಿದ್ದರು. ನಾನು ಸ್ವಲ್ಪ ಪಕ್ಕದಲ್ಲಿ ಹುಲ್ಲು ಬಾಚುತ್ತಿದ್ದೆ. ಇದ್ದಕ್ಕಿದ್ದಂತೆ ವರಾಂಡದ ಬಾಗಿಲು ತೆರೆದು ಸಾಹೇಬರು ಹೊರಗೆ ಬಂದರು, ಜೊತೆಗೆ ಬೆಂಗಳೂರಿನಿಂದ ಬಂದ ಇಬ್ಬರು ಅತಿಥಿಗಳು. ಮಾವನಿಂದ ನಾಲ್ಕು ಮಾರು ದೂರದಲ್ಲೇ. ಮಾವನಿಗೆ ಗೇರಿನ ನೆನಪಾಗುವ ಮೊದಲೇ ಮೈ ಎದ್ದುಬಿಟ್ಟಿತ್ತು. ಓಡುವ ಗಾಡಿಯಿಂದ ಇಳಿದು, ಟವಲ್ ತೆಗೆದು, ತಲೆ ಬಗ್ಗಿಸಿ ಕೈ ಮುಗಿದರು.

ಗಾಡಿ ನಿಲ್ಲಲಿಲ್ಲ. ಚಪ್ಪಡಿ ಕಲ್ಲನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಸೀದಾ ಅತ್ತೆಯ ಕಡೆ ಹೊರಟಿತು, ಕೆಳಗೆ ಬ್ಲೇಡು ತಿರುಗುತ್ತಲೇ ಇತ್ತು. ನಾನು "ಅತ್ತೇ" ಎಂದು ಕೂಗಿದೆ. ದಿನವೆಲ್ಲ ಕಿವಿಯಲ್ಲಿ ಅದೇ ಸದ್ದು ತುಂಬಿಕೊಂಡವರಿಗೆ ನನ್ನ ಕೂಗು ಎಲ್ಲಿ ಕೇಳಬೇಕು? ಗಾಡಿ ಹತ್ತಿರ ಬಂದದ್ದೂ ಅವರಿಗೆ ಲೆಕ್ಕಕ್ಕಿರಲಿಲ್ಲ. ಗಂಡ ಓಡಿಸುತ್ತಿದ್ದಾನೆ, ಪಕ್ಕಕ್ಕೆ ತಿರುಗಿಸುತ್ತಾನೆ ಎಂಬ ನಂಬಿಕೆ.

ಅತ್ತೆಯ ಹತ್ತಿರ ಓಡಲೇ, ಗಾಡಿಯ ಹತ್ತಿರ ಓಡಲೇ? ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಕಾಲು ತಾನೇ ಗಾಡಿಯ ಕಡೆ ಹೋಯಿತು. ಗೇರು, ಬ್ರೇಕು ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಗುಂಡಿ ಒಂದೇ. ಹಿಂದಿನ ಚಕ್ರದ ಪಕ್ಕದಲ್ಲಿ ಓಡುತ್ತಾ ಎರಡು ಕೈಯಲ್ಲಿ ಗೋಣಿತಟ್ಟು ಹಿಡಿದು ಎಳೆದೆ. ಬರೀ ತಟ್ಟು ಕೈಗೆ ಬಂತು. ಆಗ ಕಲ್ಲಿನ ಅಂಚಿಗೇ ಕೈ ಹಾಕಿ ಮೈಯ ಭಾರವೆಲ್ಲ ಬಿಟ್ಟು ಜಗ್ಗಿದೆ. ಕಲ್ಲು ಜಾರಿ ನನ್ನ ಎಡಗಾಲಿನ ಮೇಲೆ ಬಿತ್ತು. ಗಾಡಿ ಕೆಮ್ಮಿತು, ಸ್ವಲ್ಪ ಮುಂದೆ ಹೋಗಿ ನಿಂತಿತು. ಅತ್ತೆಯ ಸೆರಗು ಅದರ ಮೂತಿಗೆ ತಗುಲುವಷ್ಟು ಹತ್ತಿರ.

ಅತ್ತೆ ತಿರುಗಿ ಕೂಡ ನೋಡಲಿಲ್ಲ. ಹುಲ್ಲು ತುರುಕುತ್ತಲೇ, "ಯಾರೇ ಬಂದ್ರು?" ಎಂದರು.

ಗಾಡಿ ನಿಂತರೆ ಯಾರೋ ದೊಡ್ಡವರು ಬಂದಿದ್ದಾರೆ ಎಂದೇ ಅವರ ಲೆಕ್ಕ. ನನಗೆ ನಗು ಬಂತೋ ಅಳು ಬಂತೋ ತಿಳಿಯದು, ಎರಡೂ ಒಟ್ಟಿಗೆ ಬಂದವು. ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತೆ. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಸುರಿಯುತ್ತಿತ್ತು. ಅಷ್ಟರಲ್ಲಿ ಮಾವ ಓಡಿಬಂದರು, ಹಿಂದೆ ಸಾಹೇಬರು, ಅತಿಥಿಗಳು. ಸೊಸೆಯಾದವಳು ಇಷ್ಟು ಜನ ಗಂಡಸರ ಮುಂದೆ ಕೂತಿರುವುದೇ ಎಂದು ನಾನು ಏಳಲು ಹೋದೆ. ಒಂದು ವರ್ಷದಲ್ಲಿ ನನ್ನ ಮುಖ ನೋಡಿ ನಾಲ್ಕು ಮಾತಾಡದ ಮಾವ ನನ್ನ ಭುಜ ಒತ್ತಿ ಹಿಡಿದು ಕೂರಿಸಿದರು.

"ಕೂತ್ಕೊಮ್ಮ. ಯಾರಿದ್ರೂ ಏಳ್ಬೇಡ" ಅಂದರು.

ಅತ್ತೆಗೆ ವಿಷಯ ಪೂರ್ತಿ ಗೊತ್ತಾದದ್ದು ಆಮೇಲೆ. ನನ್ನ ಕಾಲಿಗೆ ಅರಿಶಿನ ಹಚ್ಚುತ್ತಾ ತೆಲುಗಿನಲ್ಲಿ ಚಲಪತಿಯ ವಂಶವನ್ನೆಲ್ಲ ಬೈದರು. ಚಲಪತಿ ಪಾಪ, ತಾನೇ ಬಂದು ಆ ಕಲ್ಲು ಹೊತ್ತುಕೊಂಡು ಹೋದ. ಇನ್ನು ಮೇಲೆ ನನಗಾಗಿ ಏಳಬೇಡಿ ಎಂದು ಸಾಹೇಬರು ಎಷ್ಟು ಹೇಳಿದರೂ ಮಾವನಿಂದ ಅದು ಮಾತ್ರ ಆಗಲಿಲ್ಲ. ಬದಲಿಗೆ ಒಂದು ಕ್ರಮ ಮಾಡಿಕೊಂಡರು. ಬ್ಲೇಡು ನಿಲ್ಲಿಸಿ, ಗೇರು ತೆಗೆದು, ಬ್ರೇಕು ಹಾಕಿ, ಕೀಲಿ ಆಫ್ ಮಾಡಿ ಜೇಬಿಗೆ ಹಾಕಿಕೊಂಡು, ಆಮೇಲೆ ಎದ್ದು ಕೈ ಮುಗಿಯುವುದು. ಅಷ್ಟೂ ಮುಗಿಯುವ ತನಕ ಸಾಹೇಬರೇ ನಿಂತು ಕಾಯುತ್ತಿದ್ದರು. ಹಳೆಯ ಬ್ಯಾಟರಿ ಸೋತಾಗ ಹೊಸದನ್ನೂ ಅವರೇ ತರಿಸಿಕೊಟ್ಟರು.

ಆ ಗುಂಡಿ ಅಲ್ಲಿ ಯಾಕಿದೆ ಎಂಬ ನನ್ನ ಪ್ರಶ್ನೆಗೆ ಉತ್ತರ ಆವತ್ತು ಸಿಕ್ಕಿತು. ಆ ಗುಂಡಿ ಇಟ್ಟವರು ಯಾವ ದೇಶದವರೋ, ಹೆಂಗಸೋ ಗಂಡಸೋ, ನನಗೆ ಗೊತ್ತಿಲ್ಲ. ಲಕ್ಕೂರು ಅಂತ ಒಂದು ಊರಿರುವುದು ಅವರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಕಾಣದ ಊರಿನಲ್ಲಿ ಯಾರೋ ಒಬ್ಬಳು ಬೆನ್ನು ತಿರುಗಿಸಿ ಕೂತಿರಬಹುದು ಎಂದು ಅವರು ಮುಂಚೆಯೇ ಯೋಚಿಸಿದ್ದರಲ್ಲ, ಅದನ್ನು ನೆನೆದರೆ ಇಂದಿಗೂ ನನ್ನ ಕಣ್ಣು ತುಂಬುತ್ತದೆ.