ವಾಪಸ್ ಬಂದ ಹನ್ನೊಂದು ಹೆಜ್ಜೆ

ಧಡ್. ಆಮೇಲೆ ಕಬ್ಬಿಣದ ಶಟರ್ ಮೇಲಿಂದ ಕೆಳಗಿನವರೆಗೆ ನಡುಗುವ ಸದ್ದು. ಮತ್ತೆ ಧಡ್.

ಗಂಗಾನಗರದ ಆ ಬೀದಿಯಲ್ಲಿ ರೇಷನ್ ಅಂಗಡಿ ಮುಚ್ಚಿ ಆರು ವರ್ಷವಾಯಿತು. ಅದರ ಶಟರ್ ಈಗ ಮಕ್ಕಳ ಗೋಲು. ಎದುರು ಮನೆಯ ಲಕ್ಕಣ್ಣ ಮಧ್ಯಾಹ್ನದ ನಿದ್ದೆ ಹತ್ತದೆ ಮಂಚದ ಮೇಲೆ ಮಲಗಿ ಆ ಸದ್ದನ್ನು ಕೇಳುತ್ತಾರೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ದೂರದ ಚೆಂಡು ಅವರಿಗೆ ಕಾಣುವುದಿಲ್ಲ. ಸದ್ದು ಮಾತ್ರ ಸರಿಯಾಗಿ ಸಿಗುತ್ತದೆ. ಗುರಿಯಿಟ್ಟ ಒದೆತ ಯಾವುದು, ಬರೀ ಸಿಟ್ಟಿನ ಒದೆತ ಯಾವುದು ಎಂದು ತಿಳಿಯುತ್ತದೆ. ಎದ್ದುಹೋಗಿ ಯಾರೆಂದು ನೋಡುವ ಆಸೆ ಮಾತ್ರ ಮೊದಲಿನಷ್ಟಿಲ್ಲ.

ಮೂವತ್ತೊಂದು ವರ್ಷ ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಅದು ಹೊಟ್ಟೆಪಾಡು. ಬೀದಿಯವರು ಅವರನ್ನು ನೆನೆಯುವುದು, ಬೈಯುವುದು, ಇನ್ನೊಂದು ಕೆಲಸಕ್ಕೆ. ಇಪ್ಪತ್ತೆರಡು ವರ್ಷದಿಂದ ಗಂಗಾನಗರದ ಫುಟ್‌ಬಾಲ್ ಟೀಮಿಗೆ ಆಟಗಾರರನ್ನು ಆರಿಸುವವರು ಲಕ್ಕಣ್ಣನೇ. ಸುತ್ತಲಿನ ಎಂಟು ಬಡಾವಣೆಗಳ ಲೀಗ್ ಅದು. ಆಡಬೇಕೆನ್ನುವ ಹುಡುಗರೆಲ್ಲ ಒಂದು ಭಾನುವಾರ ಮೈದಾನಕ್ಕೆ ಬಂದು ಕಲೆತು ಆಡುತ್ತಾರೆ. ಅದು ಟ್ರಯಲ್. ಅದು ಮುಗಿದ ಮೇಲೆ ಎಂಟು ಬಡಾವಣೆಯ ಎಂಟು ಜನ ಶಾಮಿಯಾನದ ಕೆಳಗೆ ಉದ್ದನೆಯ ಮೇಜಿಗೆ ಕೂತು, ಚೀಟಿ ಎತ್ತಿದಾಗ ಬಂದ ಸರದಿಯಂತೆ ಒಂದೊಂದೇ ಹೆಸರು ಹೇಳುತ್ತಾರೆ. ಒಬ್ಬರು ಹೇಳಿದ ಹೆಸರು ಇನ್ನೊಬ್ಬರಿಗೆ ಇಲ್ಲ. ಯಾವ ಹುಡುಗ ಯಾವ ಬೀದಿಯವನು ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಗಂಗಾನಗರಕ್ಕೆ ಮೊದಲ ಸರದಿ ಬಂದದ್ದು ಒಂದೇ ಸಲ, ಎರಡು ಸಾವಿರದ ಹದಿಮೂರರಲ್ಲಿ. ಈ ವರ್ಷದ ಚೀಟಿಯಲ್ಲಿ ಮತ್ತೆ ಬಂದಿದೆ. ಟ್ರಯಲ್ ನಾಳೆ ಮಧ್ಯಾಹ್ನ ಮೂರಕ್ಕೆ.

ಲಕ್ಕಣ್ಣ ಆರಿಸುವ ರೀತಿಯೇ ಬೇರೆ. ಒಬ್ಬನ ಕಾಲಿನಿಂದ ಚೆಂಡು ಕಿತ್ತುಕೊಂಡರೆ ನೋಡುವವರ ಕಣ್ಣೆಲ್ಲ ಚೆಂಡಿನ ಹಿಂದೆ ಹೋಗುತ್ತದೆ. ಲಕ್ಕಣ್ಣನ ಕಣ್ಣು ಚೆಂಡು ಕಳೆದುಕೊಂಡವನ ಮೇಲೆ ನಿಲ್ಲುತ್ತದೆ. ಅವನು ತಿರುಗಿ ಎಷ್ಟು ಹೆಜ್ಜೆ ಓಡಿ ಬಂದ? ಅದನ್ನು ಎಣಿಸಿ, ಡಿಪೋದವರು ಕೊಡುತ್ತಿದ್ದ ಕಂದು ರಟ್ಟಿನ ಪುಟ್ಟ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. "ಡಿಪೋ ಬುದ್ಧಿ ಕಣ್ರಪ್ಪ," ಎಂದು ಅವರ ಗೆಳೆಯ ಮುನಿಶಾಮಿ ಹೇಳುವುದುಂಟು. "ಬಸ್ಸು ಎಲ್ಲಿಗ್ ಓಯ್ತು ಅಂತ ನೋಡಲ್ಲ. ವಾಪಸ್ ಬಂತಾ ಅಂತ ನೋಡ್ತಾನೆ."

ಈಗ ಮೈದಾನದ ಆಚೆ ಬದಿಯ ಹೆಜ್ಜೆಗಳು ಕಾಣುವುದಿಲ್ಲ. ಹಾಗಾಗಿ ಇದು ಕೊನೆಯ ವರ್ಷ. ಪುಸ್ತಕವನ್ನು ಅಕ್ಕನ ಮಗ ಉಮೇಶನ ಕೈಗೆ ಕೊಟ್ಟು, ನಾಳೆ ಅವನನ್ನೇ ಮೇಜಿಗೆ ಕೂರಿಸಬೇಕೆಂದು ಲಕ್ಕಣ್ಣನ ಆಸೆ. ಹಾಗೆ ಎಣಿಸುವ ಕಣ್ಣು ಬೀದಿಯಲ್ಲಿ ಇನ್ನೊಬ್ಬರಿಗಿಲ್ಲ. ಉಮೇಶ ಮೂರು ಸಲ ಇಲ್ಲ ಅಂದಿದ್ದಾನೆ.

ಕಾರಣ ಹದಿಮೂರರ ಆ ಮೊದಲ ಸರದಿ. ಅವತ್ತು ಮೈದಾನದಲ್ಲಿ ಜಾಫರ್ ಇದ್ದ. ಲಕ್ಕಣ್ಣನ ಮನೆಯಿಂದ ಮೂರನೇ ಮನೆ, ಮೆಹಬೂಬ್ ಬೀಯ ಮಗ. ಚೆಂಡು ಅವನ ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು. ಎಲ್ಲರೂ ಅವನ ಹೆಸರನ್ನೇ ಕಾಯುತ್ತಿದ್ದಾಗ ಲಕ್ಕಣ್ಣ ಉಮೇಶನ ಹೆಸರು ಹೇಳಿದರು. ಎರಡನೇ ಸರದಿಯ ಕೋಗಿಲು ಬಡಾವಣೆಯವರು ಕುರ್ಚಿಯಿಂದ ಎದ್ದು ನಿಂತು ಜಾಫರ್ ಎಂದು ಕೂಗಿದರು. ಅವರಿಗೆ ಎರಡು ಕಪ್ ಬಂತು. ಜಾಫರ್ ರಾಜ್ಯದ ತಂಡಕ್ಕೆ ಆಡಿದ, ಈಗ ಕೇರಳದಲ್ಲಿ ಕೋಚ್ ಆಗಿದ್ದಾನೆ. ಗಂಗಾನಗರಕ್ಕೆ ಒಂದು ಕಪ್ಪೂ ಇಲ್ಲ. ಉಮೇಶ ಆರು ವರ್ಷ ಹಿಂದಿನ ಸಾಲಿನಲ್ಲಿ ಆಡಿದ, ತಪ್ಪಿಲ್ಲದ ಆಟ. ಆದರೆ ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಸುತ್ತಲಿಂದ ಕೂಗು ಏಳುತ್ತಿತ್ತು: "ಅಕ್ಕನ್ ಮಗಾ, ಬಿಟ್ಕೊಡೋ!" ಇಪ್ಪತ್ತೈದಕ್ಕೆ ಆಟ ಬಿಟ್ಟು ನೀರಿನ ಕ್ಯಾನ್ ಹಾಕುವ ಆಟೋ ಇಟ್ಟುಕೊಂಡ. ಆ ಹೆಸರು ಬಿಡಲಿಲ್ಲ. ಕ್ಯಾನ್ ಬೇಕಾದವರು ಇವತ್ತಿಗೂ "ಅಕ್ಕನ್ ಮಗನಿಗೆ ಫೋನ್ ಮಾಡು" ಅನ್ನುತ್ತಾರೆ.

ಶನಿವಾರ ಸಂಜೆ ಐದಕ್ಕೆ ಲಕ್ಕಣ್ಣ ಅತಾವುಲ್ಲಾನ ಪಂಕ್ಚರ್ ಅಂಗಡಿಯ ಬೆಂಚಿಗೆ ಬಂದು ಕೂತರು. ಹೆಂಡತಿ ಸುಬ್ಬಮ್ಮ, "ಹೋಗ್ಬೇಡಿ, ಇವತ್ತು ಅಲ್ಲಿ ನಿಮ್ಮದೇ ತಿಥಿ" ಅಂದಿದ್ದರು. ಹೋಗದಿದ್ದರೂ ಅದು ನಡೆಯುತ್ತದೆ, ಕೂತು ಕೇಳುವುದೇ ವಾಸಿ ಎಂದು ಬಂದಿದ್ದರು.

ರಂಜಾನ್ ತಿಂಗಳು. ಅತಾವುಲ್ಲಾ ಉಪವಾಸವಿದ್ದು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ಟೀ ತಂದ ಮುನಿಶಾಮಿ ಲೋಟ ಹಿಡಿದು ಮೋರಿಯ ಆಚೆಗೆ ಹೋಗಿ, ಬೆನ್ನು ತಿರುಗಿಸಿ ಕುಡಿದು ಬಂದರು. ಬೀದಿಯವರೆಲ್ಲ ಹಾಗೆಯೇ. ಈ ಒಂದು ತಿಂಗಳು ಅತಾವುಲ್ಲಾನ ಎದುರು ಯಾರೂ ಲೋಟ ಎತ್ತುವುದಿಲ್ಲ.

"ಒಂಬತ್ತನೇ ಇಸ್ವೀಲಿ ಆ ಗೋಲ್‌ಕೀಪರ್," ಮುನಿಶಾಮಿ ಬಾಯಿ ಒರೆಸಿಕೊಂಡು ಶುರುಮಾಡಿದರು. "ತೆಂಗಿನ ಮರದಂಗಿದ್ದ. ಬ್ಯಾಡ ಅಂದ ನಮ್ಮ ಲಕ್ಕ."

"ಆ ಮರಕ್ಕೆ ಬಗ್ಗಕ್ಕೆ ಬರ್ತಿರ್ಲಿಲ್ಲ," ಅತಾವುಲ್ಲಾ ಅಂದರು. "ಕೆಳಗ್ ಬಂದ ಬಾಲೆಲ್ಲ ಗೋಲು."

"ಹದಿನಾರರಲ್ಲಿ ಅಬ್ಬಿಗೆರೆ ಹುಡುಗ?"

"ಅವ್ನು ಎರಡನೇ ಮ್ಯಾಚಿಗೇ ಕ್ರಿಕೆಟ್‌ಗೆ ಓಡೋದ. ತಗೊಂಡಿದ್ರೆ ನೀನೇ ಬೈತಿದ್ದೆ."

"ಆಯ್ತು ಬಿಡು ಗುರು. ಹದಿಮೂರು?"

ಅತಾವುಲ್ಲಾ ಟ್ಯೂಬನ್ನು ಉಜ್ಜತೊಡಗಿದರು. ಪ್ರತಿ ವರ್ಷ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ಲಕ್ಕಣ್ಣ ಮಂಡಿಯ ಮೇಲೆ ಕೈಯಿಟ್ಟು ರಸ್ತೆ ನೋಡುತ್ತಿದ್ದರು. ಹಳೆಯ ನೋವು ಕೂಡ ದಿನಾ ಬರುವ ಬಸ್ಸಿನಂತೆ. ಹತ್ತಬೇಕಾಗಿಲ್ಲ, ಆದರೆ ಅದು ಬಂದದ್ದು ಗೊತ್ತಾಗುತ್ತದೆ.

"ಕೈಗ್ ಬಂದ ಜಾಫರ್‌ನ ಕೋಗಿಲಿಗೆ ದಾನ ಮಾಡ್ದ ಕಣೋ ಇವ್ನು. ನಾಳೆ ಮತ್ತೆ ಮೊದಲ್ನೇ ಸರದಿ. ಇವ್ನು ಯಾರನ್ನ ಕೂರಿಸ್ತಾನಂತೆ ಗೊತ್ತಾ? ಮತ್ತೆ ಅಕ್ಕನ್ ಮಗನ್ನ!"

ಅಷ್ಟರಲ್ಲಿ ಖಾಲಿ ಕ್ಯಾನ್‌ಗಳನ್ನು ಗಡಗಡ ಅನ್ನಿಸುತ್ತ ಉಮೇಶನ ಆಟೋ ಬಂದು ನಿಂತಿತು. ಹಿಂದಿನ ಚಕ್ರಕ್ಕೆ ಗಾಳಿ ಬೇಕಿತ್ತು. ಮುನಿಶಾಮಿಯ ಕೊನೆಯ ಮಾತು ಅವನ ಕಿವಿಗೆ ಬಿದ್ದಿತ್ತು.

"ನಾನ್ ಕೂರಲ್ಲ ಮುನಿಶಾಮಣ್ಣ, ಸಮಾಧಾನ ಮಾಡ್ಕೊಳ್ಳಿ," ಅವನು ನಗುತ್ತಲೇ ಅಂದ. ಆಮೇಲೆ ಲಕ್ಕಣ್ಣನ ಕಡೆ ತಿರುಗಿದ. ನಗು ಅರ್ಧಕ್ಕೆ ಹೋಗಿತ್ತು. "ಮಾವ, ಇಷ್ಟ್ ವರ್ಷ ನಾನ್ ಕೇಳ್ಲಿಲ್ಲ. ನಮ್ಮಮ್ಮ ಏನಾದ್ರೂ ನಿನ್ನತ್ರ ಬಂದು ಹೇಳಿದ್ಲಾ, ನನ್ನ ಮಗನ್ನ ತಗೋ ಅಂತ?"

"ನಿಮ್ಮಮ್ಮನಿಗೆ ಚೆಂಡು ಗುಂಡಗಿದೆ ಅನ್ನೋದ್ ಬಿಟ್ರೆ ಏನ್ ಗೊತ್ತು?"

"ಮತ್ಯಾಕೆ? ಜಾಫರ್ ನನಗಿಂತ ಚೆನ್ನಾಗ್ ಆಡ್ತಿದ್ದ. ನನಗೂ ಗೊತ್ತಿತ್ತು. ಇವತ್ತು ಇವರೆಲ್ಲರ ಮುಂದೆ ಹೇಳು. ಹೇಳ್ಲಿಲ್ಲ ಅಂದ್ರೆ ನಾಳೆ ನಾನ್ ಮೈದಾನದ ಕಡೆ ತಲೆನೂ ಹಾಕಲ್ಲ."

ಅತಾವುಲ್ಲಾ ಗಾಳಿಯ ಪೈಪನ್ನು ಚಕ್ರಕ್ಕೆ ಹಾಕಿ ಯಂತ್ರ ಚಾಲೂ ಮಾಡದೆ ನಿಂತರು.

ಲಕ್ಕಣ್ಣ ಜೇಬಿನಿಂದ ಕಂದು ಪುಸ್ತಕ ತೆಗೆದರು. ಈ ವರ್ಷದ್ದಲ್ಲ, ಮೂಲೆ ಮುದುರಿದ ಹಳೆಯದು. ಅದನ್ನು ಮನೆಯಿಂದ ಹೊರಡುವಾಗಲೇ ಇಟ್ಟುಕೊಂಡು ಬಂದಿದ್ದರು ಎನ್ನುವುದು ಆಗ ಎಲ್ಲರಿಗೂ ತಿಳಿಯಿತು. ಅಕ್ಷರ ತಮಗೆ ಕಾಣದೆ, ಮಡಿಸಿಟ್ಟಿದ್ದ ಪುಟವನ್ನು ಬೆರಳಿನಿಂದ ಹುಡುಕಿ ಉಮೇಶನಿಗೆ ಕೊಟ್ಟರು. "ಓದು."

"ಜುಲೈ ಇಪ್ಪತ್ತೊಂದು, ಭಾನುವಾರ," ಉಮೇಶ ಓದಿದ. "ಉಮೇಶ, ಹನ್ನೊಂದು. ಜಾಫರ್..." ಅವನು ತಲೆ ಎತ್ತಿದ. "ಜಾಫರ್, ಸೊನ್ನೆ."

"ಚೆಂಡು ಕಳ್ಕೊಂಡ್ಮೇಲೆ ನೀನು ಹನ್ನೊಂದು ಹೆಜ್ಜೆ ಓಡ್ ಬಂದೆ. ಅವ್ನು ಸೊಂಟದ್ ಮೇಲೆ ಕೈ ಇಟ್ಕೊಂಡು ನಿಂತ್ಕೊಂಡ. ಒಂದ್ಸಲ ಅಲ್ಲ, ನಾಕ್ ಸಲ. ಸೊಕ್ಕು ಅನ್ಕೊಂಡೆ. ನಿನ್ ಹೆಸ್ರು ಹೇಳಿದ್ದು ಅದಕ್ಕೇ. ನೀನ್ ಯಾರ್ ಮಗ ಅಂತ ಅಲ್ಲ."

ಮುನಿಶಾಮಿ ಬಾಯಿ ತೆರೆದರು. ಲಕ್ಕಣ್ಣ ಕೈ ಎತ್ತಿ ತಡೆದರು. ಮಾತು ಮುಗಿದಿರಲಿಲ್ಲ.

ಅವತ್ತು ಟ್ರಯಲ್ ನಡೆದದ್ದು ಮಧ್ಯಾಹ್ನ ನಾಲ್ಕಕ್ಕೆ. ಹೆಸರುಗಳನ್ನೆಲ್ಲ ಹೇಳಿ ಮುಗಿಸಿ ಲಕ್ಕಣ್ಣ ಮನೆಗೆ ಬಂದು ಕಾಲು ತೊಳೆದು ಕೂತಿದ್ದರು. ಮಸೀದಿಯ ಕೂಗು ಆಗಿ ಸ್ವಲ್ಪ ಹೊತ್ತಿಗೆ ಮೆಹಬೂಬ್ ಬೀ, ಪ್ರತಿ ರಂಜಾನ್‌ನಲ್ಲಿ ತರುವಂತೆ, ಖರ್ಜೂರ ಸಮೋಸ ಇಟ್ಟ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಮಗನನ್ನು ಯಾಕೆ ಬಿಟ್ಟಿರಿ ಎಂದು ಕೇಳಲಿಲ್ಲ. "ಹುಡ್ಗ ಬಂದವ್ನೇ ಮಲ್ಗಿಬಿಟ್ಟ ಅಣ್ಣಾ," ಅಂದರು. "ರೋಜಾ ಇದೆ, ಬಿಸ್ಲಲ್ಲಿ ಆಡ್ಬೇಡ ಅಂದೆ. ಲಕ್ಕಣ್ಣ ಮಾಮು ನೋಡ್ತಾರೆ ಅಂತ ಹೋದ. ಒಂದ್ ತೊಟ್ಟು ನೀರು ಬಾಯಿಗ್ ಹಾಕಿರ್ಲಿಲ್ಲ." ತಟ್ಟೆ ಕೊಟ್ಟು ಹೋದರು. ಖಾಲಿ ತಟ್ಟೆ ವಾಪಸ್ ಕೊಡಬಾರದೆಂದು ಸುಬ್ಬಮ್ಮ ಮರುದಿನ ಅದರಲ್ಲಿ ಬಾಳೆಹಣ್ಣು ಇಟ್ಟು ಕಳಿಸಿದರು. ಈಗಲೂ ತಟ್ಟೆ ಬರುತ್ತದೆ, ಬಾಳೆಹಣ್ಣು ಹೋಗುತ್ತದೆ. ಆ ಮಾತು ಮಾತ್ರ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಇದನ್ನು ಲಕ್ಕಣ್ಣ ನಿಧಾನವಾಗಿ, ಬೇರೆಯವರ ಕಥೆ ಹೇಳುವಂತೆ ಹೇಳಿದರು. ಶಟರ್‌ಗೆ ಚೆಂಡು ಬಡಿಯುವುದೂ ಆ ಹೊತ್ತಿಗೆ ನಿಂತಿತ್ತು.

"ನಿನ್ ಎದ್ರಿಗೆ ಟೀ ಕುಡಿಯಲ್ಲ ನಾವು," ಅವರು ಅತಾವುಲ್ಲಾಗೆ ಅಂದರು. "ಬೆನ್ ತಿರುಗಿಸ್ಕೊಂಡ್ ಓಗ್ತೀವಿ. ಇಷ್ಟ್ ಗೊತ್ತು. ಮೈದಾನದಾಗೆ ನಿಂತಾಗ ಅದು ತಲೇಗೇ ಬರ್ಲಿಲ್ಲ. ಮೂರನೇ ಮನೆ ಹುಡುಗ ಕಣೋ."

ಅತಾವುಲ್ಲಾ ಕೈ ಒರೆಸಿದ ಬಟ್ಟೆಯನ್ನು ಮಡಿಸಿ ಮತ್ತೆ ಬಿಡಿಸಿದರು.

"ಅವತ್ತೇ ಹೇಳ್ಬೋದಿತ್ತು ಮಾವ," ಉಮೇಶ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಭಾರ ಇಳಿಸಿದವನು ಭುಜ ಸವರಿಕೊಳ್ಳುವಂಥ ಸುಸ್ತು ಇತ್ತು. "ಹನ್ನೆರಡ್ ವರ್ಷ ಆಯ್ತು. ನಾನ್ ಅಕ್ಕನ್ ಮಗ ಆಗೇ ಉಳ್ಕೊಂಡೆ."

"ಈ ಪುಸ್ತಕ ತೋರಿಸಿದ್ರೆ ನಿನ್ ಹೆಸ್ರು ಉಳೀತಿತ್ತು, ಉಪಾಸ ಇದ್ ಹುಡುಗನ್ನ ಸೋಂಬೇರಿ ಅಂತಿದ್ರು. ಹಂಗಲ್ಲ ಕಣ್ರೋ, ತಪ್ಪು ನಂದು ಅಂತ ಹೇಳ್ಬೇಕಿತ್ತು. ಅದಕ್ಕೆ ಬಾಯಿ ಬರ್ಲಿಲ್ಲ. ಅಕ್ಕನ್ ಮಗ ಅಂತ ಜನ ಬೈಯೋದೇ ಸಲೀಸು ಅನ್ನಿಸ್ತು. ಬೈಸ್ಕೊಂಡಿದ್ದು ನೀನು."

ಮುನಿಶಾಮಿ ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದರು.

"ಅಂದ್ರೆ... ಅವತ್ತು ಟ್ರಯಲ್ ಬೆಳಿಗ್ಗೆ ಇಟ್ಟಿದ್ರೆ ಜಾಫರ್ ನಮ್ಮೋನು. ಎರಡು ಕಪ್ಪೂ ನಮ್ಮವು."

"ಬಾಯಿ ಮುಚ್ಚೋ ಮುನಿಶಾಮಿ," ಅತಾವುಲ್ಲಾ ಅಂದರು. ಆಮೇಲೆ ಅವರೇ ತಡೆಯಲಾಗದೆ, "ಎರಡಲ್ಲ. ಮೂರು. ಹದಿನೈದರ ಫೈನಲ್‌ನಲ್ಲಿ ಅವ್ನಿಗೆ ಜ್ವರ ಇತ್ತು, ಕೋಗಿಲು ಸೋತಿದ್ದು ಅದಕ್ಕೇ" ಅಂದರು.

ಮತ್ತೆ ಶುರುವಾಯಿತು. ಜಾಫರ್ ಎಡಗಡೆ ಆಡಿದ್ದರೆ, ಉಮೇಶ ಅವನ ಹಿಂದೆ ಇದ್ದಿದ್ದರೆ, ಇಬ್ಬರೂ ಒಂದೇ ಟೀಮಿನಲ್ಲಿದ್ದಿದ್ದರೆ. ಆಗದ ಮ್ಯಾಚುಗಳೆಲ್ಲ ಆ ಬೆಂಚಿನ ಮುಂದೆ ಒಂದೊಂದಾಗಿ ನಡೆದುಹೋದವು. ಉಮೇಶ ಆ ಮಾತಿನಲ್ಲಿ ಸೇರಲಿಲ್ಲ. ಪುಸ್ತಕದ ಪುಟವನ್ನು ಇನ್ನೊಮ್ಮೆ ನೋಡಿದ. ತನ್ನ ಹೆಸರು, ಹನ್ನೊಂದು. ಪುಸ್ತಕ ಮುಚ್ಚಿ ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿಕೊಂಡ.

"ನಾಳೆ ಎಷ್ಟೊತ್ತಿಗ್ ಬರ್ಲಿ ಮಾವ? ಮೂರಕ್ಕಾ?"

ಲಕ್ಕಣ್ಣ ಬೆಂಚಿನ ತುದಿ ಹಿಡಿದು ಎದ್ದರು. ಈ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆಂದು ಒಂದು ವಾರದಿಂದ ಅವರಿಗೆ ಗೊತ್ತಿತ್ತು. ಟ್ರಯಲ್ ಮತ್ತೆ ರಂಜಾನ್‌ನಲ್ಲಿ, ಮತ್ತೆ ಬಿಸಿಲಿನಲ್ಲಿ. ಆಡಲು ಬರುವವರಲ್ಲಿ ಉಪವಾಸದ ಹುಡುಗರು ಒಂಬತ್ತು ಮಂದಿ. ಹೊತ್ತು ಬದಲಿಸಿ ಎಂದು ಲೀಗಿನ ಕಾರ್ಯದರ್ಶಿ ಆನಂದಪ್ಪನನ್ನು ಕೇಳಿದರೆ, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂಬ ಮಾತು ಬರುತ್ತದೆ. ಆ ಮಾತಿಗೆ ಹೆದರಿ ಆನಂದಪ್ಪನ ಮನೆ ಇರುವ ರಸ್ತೆಯನ್ನೇ ತಪ್ಪಿಸಿ ಓಡಾಡಿದ್ದರು.

"ಆನಂದಪ್ಪನಿಗೆ ಫೋನ್ ಮಾಡಿ ಲಕ್ಕಣ್ಣ, ನಡೀಬೇಡಿ," ಅಂದರು ಅತಾವುಲ್ಲಾ. ಅವರಿಗೆ ಅರ್ಥವಾಗಿತ್ತು.

"ಫೋನಾಗೆ ಕೇಳಿದ್ರೆ ನೋಡಣ ಅಂತಾನೆ. ಬಾಗಿಲಾಗೆ ನಿಂತ್ರೆ ಇಲ್ಲ ಅನ್ನಕ್ಕೆ ಕಷ್ಟ." ಅವರು ಚಪ್ಪಲಿಗಾಗಿ ಕಾಲಿನಲ್ಲೇ ನೆಲ ತಡಕಿದರು. ಉಮೇಶ ಬಗ್ಗಿ ಎರಡನ್ನೂ ಸರಿಯಾಗಿ ಇಟ್ಟ.

"ಮೂರಕ್ಕಲ್ಲ," ಲಕ್ಕಣ್ಣ ಅಂದರು. ಆಗಲೇ ರಸ್ತೆಗೆ ಇಳಿದಿದ್ದರು. ಮಾತು ಹಿಂದಿದ್ದವರಿಗೋ ತಮಗೋ ಎಂದು ತಿಳಿಯದಂತೆ, ತಿರುಗಿ ನೋಡದೆ ಹೇಳುತ್ತಾ ಹೋದರು. "ಅವ್ನು ಒಪ್ಪಿದ್ರೆ ಬೆಳಿಗ್ಗೆ ಏಳಕ್ಕೆ ಬಾ. ಒಪ್ಲಿಲ್ಲ ಅಂದ್ರೆ ಮೊದಲ್ನೇ ಸರದಿ ನಮಗ್ ಬ್ಯಾಡ, ಕೋಗಿಲಿನೋರಿಗೇ ಕೊಡು ಅಂತ ಅವ್ನ ಮುಖದ್ ಮೇಲೆ ಹೇಳಿ, ಆಮೇಲೆ ಮೆಹಬೂಬ್ ಬೀ ಮನೆಗೂ ಒಂದ್ಸಲ ಓಗಿ, ತಪ್ಪು ನಂದು ಅಂತ ಹೇಳ್ ಬರ್ತೀನಿ."